‘ಇದು ಇನ್ನೂ ಮುಗಿದಿಲ್ಲ’ ಅನ್ನಿಸಿಕೊಂಡ ಆಲ್ಬಮ್

ಎರಡು ತಿಂಗಳಿಂದ ನನ್ನ ಕಾರಿನಲ್ಲಿ ಓಡುತ್ತಿರುವುದು ಒಂದೇ ಆಲ್ಬಮ್. ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನಿಂದ ಬಂದ ಸಂಗೀತ) ಹಾಡುಗಾರ ವಿಲ್ಲಿ ನೆಲ್ಸನ್ ಅವರ ‘ರೆಡ್ ಹೆಡೆಡ್ ಸ್ಟ್ರೇಂಜರ್’, 1975ರದ್ದು. ಅದರ ಬಗ್ಗೆ ಬರೆಯದೆ ಇರಲು ಆಗುತ್ತಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಓದಿ.

ಈ ಆಲ್ಬಮ್ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ವಿಲ್ಲಿ ಟೇಪ್ ತಂದುಕೊಟ್ಟರು, ಹಾಡಿನ ಕಂಪನಿ ಕೊಲಂಬಿಯಾ ರೆಕಾರ್ಡ್ಸ್‌ನವರು ಕೇಳಿ ಇದು ಡೆಮೊ ಇರಬೇಕು, ಇನ್ನೂ ಮುಗಿದಿಲ್ಲ ಅಂದುಕೊಂಡರು, ವಿಲ್ಲಿ ಪಟ್ಟು ಬಿಡಲಿಲ್ಲ, ಕೊನೆಗೆ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಕಥೆ ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದೊಂದು ಗೆದ್ದವರ ಕಥೆ ಆಗುತ್ತದೆ, ಹಾಡುಗಳ ಬಗ್ಗೆ ಏನೂ ಹೇಳಿದ ಹಾಗಾಗುವುದಿಲ್ಲ. ನನಗೆ ಹೇಳಬೇಕು ಅನ್ನಿಸುವುದು ಇದು: ಆ ಟೇಪಿನಲ್ಲಿ ವಾದ್ಯಗಳು ತೀರಾ ಕಡಿಮೆ, ಆಲ್ಬಮ್ ಹೇಳುವ ಕಥೆಯನ್ನು ಆ ಖಾಲಿತನ ಇಲ್ಲದೆ ಹೇಳಲು ಸಾಧ್ಯವೇ ಇರಲಿಲ್ಲ. ಪಿಟೀಲು, ಕೋರಸ್ಸು ಸೇರಿಸಿ ‘ಮುಗಿಸಿದ್ದರೆ’ ಕಥೆಯೇ ಸುಳ್ಳಾಗುತ್ತಿತ್ತು.

ಯಾಕೆ ಅಂತ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿಲ್ಲಿ ಹುಟ್ಟಿದ್ದು 1933ರಲ್ಲಿ, ಟೆಕ್ಸಾಸ್‌ನ ಆ್ಯಬಟ್ ಅನ್ನುವ ಪುಟ್ಟ ಊರಿನಲ್ಲಿ. ಅಜ್ಜ ಅಜ್ಜಿ ಸಾಕಿದ್ದು. ಹೊಲದಲ್ಲಿ ಹತ್ತಿ ಬಿಡಿಸಿದವರು. ಅಕ್ಕ ಬಾಬಿ ಪಿಯಾನೊ, ತಮ್ಮ ವಿಲ್ಲಿ ಗಿಟಾರ್, ಇಬ್ಬರೂ ಚರ್ಚಿನಲ್ಲಿ ನುಡಿಸುತ್ತಾ ಬೆಳೆದರು. ಆಮೇಲೆ ವಿಲ್ಲಿ ಕಂಟ್ರಿ ಹಾಡುಗಳ ಊರಾದ ನ್ಯಾಶ್‌ವಿಲ್‌ಗೆ ಹೋದರು. ಅಲ್ಲಿ ಹಾಡು ಬರೆಯುವವರಾಗಿ ಚೆನ್ನಾಗಿಯೇ ಹೆಸರು ಬಂತು. ಹೆಸರಾಂತ ಗಾಯಕಿ ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ ‘ಕ್ರೇಜಿ’ ವಿಲ್ಲಿ ಬರೆದದ್ದು ಅಂತ ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರೇ ಹಾಡಿದ ರೆಕಾರ್ಡುಗಳು ಅಷ್ಟಾಗಿ ಓಡಲಿಲ್ಲ.

ಆಗ ನ್ಯಾಶ್‌ವಿಲ್‌ನಲ್ಲಿ ಒಂದು ಪದ್ಧತಿ ಇತ್ತು. ಊರೂರು ತಿರುಗುವಾಗ ಜೊತೆಗಿರುವ ನಿಮ್ಮದೇ ಬ್ಯಾಂಡ್ ಸ್ಟುಡಿಯೋಗೆ ಬರುವ ಹಾಗಿರಲಿಲ್ಲ. ಸ್ಟುಡಿಯೋದಲ್ಲಿ ನುಡಿಸುವುದಕ್ಕೇ ಅಂತ ಬೇರೆ ನುರಿತವರು ಇರುತ್ತಿದ್ದರು. ಅವರು ನುಡಿಸಿದ ಮೇಲೆ ಪಿಟೀಲುಗಳ ಗುಂಪು, ಅದರ ಮೇಲೆ ಕೋರಸ್. ಕಂಟ್ರಿ ಹಾಡನ್ನು ಪಟ್ಟಣದ ಕಿವಿಗೂ ಹಿತವಾಗಿ ಮಾಡುವ ದಾರಿ ಅದು. ಕೆಟ್ಟ ದಾರಿ ಅಂತ ನಾನು ಹೇಳುವುದಿಲ್ಲ, ಪ್ಯಾಟ್ಸಿ ಕ್ಲೈನ್ ಹಾಡುಗಳಿಗೆ ಅದು ಚಿನ್ನದ ಚೌಕಟ್ಟು ಇದ್ದ ಹಾಗೆ. ಆದರೆ ವಿಲ್ಲಿ ಹಾಡುವ ರೀತಿಯೇ ಬೇರೆ. ತಾಳ ಮುಂದೆ ಹೋದಾಗ ಇವರು ಹಿಂದೆ ನಿಂತಿರುತ್ತಾರೆ, ಆಮೇಲೆ ನಿಧಾನಕ್ಕೆ ಬಂದು ಸೇರಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಇರುತ್ತದೆ. ಆ ದನಿಯ ಸುತ್ತ ಜಾಗ ಬೇಕು. ಜಾಗ ತುಂಬಿಬಿಟ್ಟರೆ ದನಿ ಉಸಿರುಗಟ್ಟುತ್ತದೆ.

ಕೊನೆಗೆ ನ್ಯಾಶ್‌ವಿಲ್ ಹತ್ತಿರದ ಅವರ ಮನೆ ಬೆಂಕಿಗೆ ಸುಟ್ಟುಹೋಯಿತು. ಟೆಕ್ಸಾಸ್‌ಗೆ ವಾಪಸ್ ಬಂದರು, ಆಸ್ಟಿನ್‌ನಲ್ಲಿ ನೆಲೆ ನಿಂತರು. ಅಲ್ಲಿ ಉದ್ದ ಕೂದಲಿನ ಕಾಲೇಜು ಹುಡುಗರೂ ಕೌಬಾಯ್ ಟೋಪಿಯವರೂ ಒಂದೇ ಹಾಲ್‌ನಲ್ಲಿ ನಿಂತು ಅವರ ಹಾಡು ಕೇಳಿದರು. ಕೊಲಂಬಿಯಾ ಜೊತೆ ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಆಲ್ಬಮ್ ಹೇಗಿರಬೇಕು ಅನ್ನುವುದರಲ್ಲಿ ಕೊನೆಯ ಮಾತು ವಿಲ್ಲಿ ಅವರದು ಅಂತ ಒಪ್ಪಂದದಲ್ಲಿತ್ತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಜಾಸ್ತಿ ಮಾತಾಡಬೇಕಾದ್ದು ಇದರ ಬಗ್ಗೆ. ಧೈರ್ಯ, ಹಟ ಎಲ್ಲಾ ಸರಿ. ಅದನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ಹೋಗಿದ್ದರೆ ಆ ಟೇಪಿನ ಮೇಲೆ ಪಿಟೀಲು ಬಂದೇ ಬರುತ್ತಿತ್ತು.

ಕೊಲರಾಡೊದಿಂದ ಆಸ್ಟಿನ್‌ಗೆ ಕಾರಿನಲ್ಲಿ ಬರುವಾಗ ಹೆಂಡತಿ ಕಾನಿ ಅವರು ‘ರೆಡ್ ಹೆಡೆಡ್ ಸ್ಟ್ರೇಂಜರ್’ ಅನ್ನುವ ಹಳೇ ಹಾಡು ನೆನಪಿಸಿದರಂತೆ. ಆಲ್ಬಮ್‌ನ ಹೆಸರಿನ ಹಾಡು ವಿಲ್ಲಿ ಬರೆದದ್ದಲ್ಲ, 1950ರ ದಶಕದ್ದು. ಫೋರ್ಟ್ ವರ್ತ್‌ನಲ್ಲಿ ರೇಡಿಯೋ ಕೆಲಸ ಮಾಡುವಾಗ ಮಕ್ಕಳ ಕಾರ್ಯಕ್ರಮದಲ್ಲಿ ಹಾಕುತ್ತಿದ್ದರು, ಮನೆಯಲ್ಲಿ ತಮ್ಮ ಮಕ್ಕಳನ್ನು ಮಲಗಿಸಲೂ ಅದನ್ನೇ ಹಾಡುತ್ತಿದ್ದರು. ಕೊಲೆಯ ಕಥೆ ಇರುವ ಹಾಡು ಜೋಗುಳ! ಆದರೆ ನಮ್ಮ ಅಜ್ಜಿಯರು ಹೇಳಿದ ಕಥೆಗಳಲ್ಲೂ ರಕ್ತ ಕಡಿಮೆ ಇರಲಿಲ್ಲ, ಅಲ್ವಾ. ಆ ಹಾಡಿಗೆ ಹಿಂದೆ ಮುಂದೆ ಬೇರೆ ಹಾಡುಗಳನ್ನು ಜೋಡಿಸುತ್ತಾ ದಾರಿಯಲ್ಲೇ ಇಡೀ ಆಲ್ಬಮ್ಮಿನ ಕಥೆ ಕಟ್ಟಿದರು.

ರೆಕಾರ್ಡ್ ಮಾಡಿದ್ದು 1975ರ ಜನವರಿಯಲ್ಲಿ, ಡಲ್ಲಾಸ್ ಪಕ್ಕದ ಗಾರ್ಲಂಡ್‌ನಲ್ಲಿ. ನಾನು ಇರುವುದು ಇಲ್ಲೇ ಹತ್ತಿರ. ದಿನಾ ಹಾದುಹೋಗುವ ಊರಿನಲ್ಲಿ ಇಂಥದ್ದೊಂದು ಆಗಿದೆ ಅಂತ ಹತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ಅವರದೇ ಬ್ಯಾಂಡ್ ಬಂತು. ಪಿಯಾನೊಗೆ ಅಕ್ಕ ಬಾಬಿ, ಮೌತ್ ಆರ್ಗನ್‌ಗೆ ಮಿಕಿ ರಾಫೆಲ್, ಡ್ರಮ್ಸ್‌ಗೆ ಪಾಲ್ ಇಂಗ್ಲಿಷ್, ಬಾಸ್‌ಗೆ ಬೀ ಸ್ಪಿಯರ್ಸ್. ವಿಲ್ಲಿ ಕೈಯಲ್ಲಿ ನೈಲಾನ್ ತಂತಿಯ ಹಳೇ ಮಾರ್ಟಿನ್ ಗಿಟಾರ್, ಅದಕ್ಕೆ ‘ಟ್ರಿಗರ್’ ಅಂತ ಹೆಸರು. ಬೆರಳಲ್ಲಿ ನುಡಿಸಬೇಕಾದ ಗಿಟಾರನ್ನು ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದು ನುಡಿಸಿ ನುಡಿಸಿ ಮರ ಸವೆದು ತೂತೇ ಬಿದ್ದಿದೆ. ಇವತ್ತಿಗೂ ಅದೇ ಗಿಟಾರ್. ಕೆಲವೇ ದಿನದಲ್ಲಿ ಕೆಲಸ ಮುಗಿಯಿತು, ಖರ್ಚು ಸುಮಾರು 4,000 ಡಾಲರ್ ಅಂತ ಹೇಳುತ್ತಾರೆ. ಆಗಿನ ಲೆಕ್ಕದಲ್ಲೂ ದೊಡ್ಡ ಕಂಪನಿಗೆ ಅದು ಏನೂ ಅಲ್ಲ.

ಈಗ ಹಾಡಿಗೆ ಬರುತ್ತೇನೆ.

ಒಬ್ಬ ಪಾದ್ರಿ. ಹೆಂಡತಿ ಅವನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋಗುತ್ತಾಳೆ. ಮೊದಲು ಅಳುತ್ತಾನೆ, ನಂಬುವುದಿಲ್ಲ. ಆಮೇಲೆ ಕುದುರೆ ಏರಿ ಹುಡುಕಿಕೊಂಡು ಹೋಗುತ್ತಾನೆ. ಒಂದು ಸಾರಾಯಿ ಅಂಗಡಿಯಲ್ಲಿ ಇಬ್ಬರೂ ಸಿಗುತ್ತಾರೆ. ಇಬ್ಬರನ್ನೂ ಗುಂಡಿಟ್ಟು ಕೊಲ್ಲುತ್ತಾನೆ. ಆ ಹಾಡು ಎರಡು ನಿಮಿಷವೂ ಇಲ್ಲ. ಗುಂಡು ಹಾರಿದಾಗ ಡ್ರಮ್ಸ್ ಜೋರಾಗುವುದಿಲ್ಲ, ದನಿ ಏರುವುದಿಲ್ಲ. ಬೆಳಿಗ್ಗೆ ಸಂತೆಗೆ ಹೋಗಿಬಂದೆ ಅಂದಷ್ಟೇ ಸಹಜವಾಗಿ ಹೇಳಿ ಮುಂದೆ ಹೋಗುತ್ತಾರೆ.

ಅದರ ಬೆನ್ನಿಗೇ ಬರುವ ಹಾಡು ‘ಬ್ಲೂ ಐಸ್ ಕ್ರೈಯಿಂಗ್ ಇನ್ ದಿ ರೇನ್’, ಅಂದರೆ ಮಳೆಯಲ್ಲಿ ಅಳುವ ನೀಲಿ ಕಣ್ಣುಗಳು. ಫ್ರೆಡ್ ರೋಸ್ 1940ರ ದಶಕದಲ್ಲಿ ಬರೆದದ್ದು, ರಾಯ್ ಏಕಫ್ ಮೊದಲೇ ಹಾಡಿದ್ದು. ರೇಡಿಯೋದಲ್ಲಿ ಅಮೆರಿಕ ಎಲ್ಲಾ ಕೇಳಿದ್ದು ಇದನ್ನೇ. ಇದೇ ವಿಲ್ಲಿ ಹಾಡಿದ ಮೊದಲ ನಂಬರ್ ಒನ್ ಕಂಟ್ರಿ ಹಾಡಾಯಿತು, ಗ್ರ್ಯಾಮಿ ಪ್ರಶಸ್ತಿಯೂ ಬಂತು. ಬಿಟ್ಟುಹೋದವಳ ನೆನಪಲ್ಲಿ ಕೊರಗುವ ಗಂಡಸಿನ ಹಾಡು ಅದು. ಬೇರೆಯಾಗಿ ಕೇಳಿದರೆ ಎಷ್ಟು ಮೃದು, ಕಣ್ಣು ತುಂಬುತ್ತದೆ. ಆದರೆ ಆಲ್ಬಮ್ಮಿನಲ್ಲಿ ಅದು ಎಲ್ಲಿದೆ ನೋಡಿ. ಅಳುತ್ತಿರುವವನು ಈಗಷ್ಟೇ ಅವಳನ್ನು ಕೊಂದು ಬಂದಿದ್ದಾನೆ! ಮಳೆಯಲ್ಲಿ ಅತ್ತ ಆ ನೀಲಿ ಕಣ್ಣುಗಳನ್ನು ಮುಚ್ಚಿಸಿದವನು ಅವನೇ.

ಇದು ಹೊಳೆದ ದಿನ ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಕೇಳಿದೆ. ಅಷ್ಟು ವರ್ಷ ಅದನ್ನು ಬರೀ ಪ್ರೇಮಗೀತೆ ಅಂದುಕೊಂಡಿದ್ದೆ.

ಇಲ್ಲಿ ಪಿಟೀಲು ಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ. ಅವು ನಮಗೆ ಹೇಳುತ್ತಿದ್ದವು, ಇವನನ್ನು ನೋಡಿ ಮರುಗಿ ಅಂತ. ಅಥವಾ ಇವನನ್ನು ಕಂಡು ಹೆದರಿ ಅಂತ. ಎರಡರಲ್ಲಿ ಒಂದನ್ನು ಹಿನ್ನೆಲೆ ಸಂಗೀತವೇ ತೀರ್ಮಾನ ಮಾಡಿಬಿಡುತ್ತಿತ್ತು. ಒಂದು ಗಿಟಾರು, ಕೇಳಿಸಿಯೂ ಕೇಳಿಸದ ಹಾಗೆ ಬಾಸು, ಒಂದು ದನಿ. ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ ತೀರ್ಪು ಯಾರೂ ಕೊಡುವುದಿಲ್ಲ. ನಾವೇ ಆ ಮನುಷ್ಯನ ಎದುರು ಕೂತಿರಬೇಕು. ಗೀಗೀ ಪದ ಕೇಳಿದವರಿಗೆ ಇದು ಗೊತ್ತಿರುತ್ತದೆ, ಒಂದು ದಪ್ಪು ಒಂದು ತುಂತುಣಿ ಇಟ್ಟುಕೊಂಡು ರಾತ್ರಿಯಿಡೀ ಕಥೆ ನಡೆಸುತ್ತಾರೆ, ಯಾರಿಗೂ ಏನೂ ಕಡಿಮೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಮುಚ್ಚಿಡುವುದಿಲ್ಲ. ಮುಂದಿನ ಹಾಡಿನಲ್ಲಿ ಅವನು ಇನ್ನೊಬ್ಬ ಹೆಣ್ಣನ್ನು ಕೊಲ್ಲುತ್ತಾನೆ. ಸತ್ತ ಹೆಂಡತಿಯ ಕುದುರೆಯನ್ನು ಅವಳು ಮುಟ್ಟಿದಳು ಅನ್ನುವುದಷ್ಟೇ ಕಾರಣ. ಕುದುರೆ ಕದಿಯಲು ಬಂದವಳು ಅಂತ ಅವನಿಗೆ ಶಿಕ್ಷೆಯೂ ಆಗುವುದಿಲ್ಲ. ಇದು ನನಗೆ ಇವತ್ತಿಗೂ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಣ್ಣುಮಕ್ಕಳ ಜೀವ ಇಷ್ಟು ಅಗ್ಗ ಆಗಿರುವ ಕಥೆಯನ್ನು ‘ಆ ಕಾಲ ಹಾಗಿತ್ತು’ ಅಂತ ಸುಮ್ನೆ ದಾಟಿಹೋಗಲು ನನಗೆ ಆಗುವುದಿಲ್ಲ. ರೆಕಾರ್ಡಿನ ಎರಡನೇ ಬದಿಯಲ್ಲಿ ಅವನಿಗೆ ಡೆನ್ವರ್‌ನಲ್ಲಿ ಹೊಸ ಪ್ರೀತಿ ಸಿಗುತ್ತದೆ, ನೆಮ್ಮದಿ ಸಿಗುತ್ತದೆ. ಆ ಹಾಡುಗಳು ಚೆಂದ ಇವೆ, ಆದರೆ ಆ ನೆಮ್ಮದಿಯನ್ನು ನಾನು ಪೂರ್ತಿ ಒಪ್ಪಿಕೊಂಡಿಲ್ಲ. ಸತ್ತ ಇಬ್ಬರು ಹೆಂಗಸರ ಹೆಸರೂ ನಮಗೆ ಗೊತ್ತಾಗುವುದಿಲ್ಲ. ಆಲ್ಬಮ್ ಇಷ್ಟಪಡುವವರು ಈ ಮಾತನ್ನು ಬಿಟ್ಟು ಬರೆದರೆ ಅದು ಅರ್ಧ ಸತ್ಯ.

ಕಂಪನಿಯವರನ್ನು ಮೂರ್ಖರು ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ. 1975ರಲ್ಲಿ ಅವರ ಜಾಗದಲ್ಲಿ ಕೂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ನಡುನಡುವೆ ಮಾತಿಲ್ಲದ ಪಿಯಾನೊ, ಚರ್ಚಿನ ರಾಗ, ತುಂಡು ತುಂಡು ಹಾಡು, ಎಲ್ಲಾ ಸೇರಿ 33 ನಿಮಿಷ. ಯಾರು ಕೊಳ್ಳುತ್ತಾರೆ ಅನ್ನಿಸುವುದು ಸಹಜ. ಆದರೂ ಹೊರಗೆ ತಂದರು. ಆಲ್ಬಮ್ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು, ಪಾಪ್ ಪಟ್ಟಿಯಲ್ಲೂ ಮೂವತ್ತರ ಒಳಗೆ ಬಂತು. ಮಾರಾಟಕ್ಕೆ ಕೊಡುವ ಮನ್ನಣೆಗಳಲ್ಲಿ 1976ರಲ್ಲಿ ಗೋಲ್ಡ್, 1986ರಲ್ಲಿ ಡಬಲ್ ಪ್ಲಾಟಿನಂ, ಅಂದರೆ 20 ಲಕ್ಷ ಪ್ರತಿ. ಆಮೇಲೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಿಡುವ ಧ್ವನಿಮುದ್ರಣಗಳ ಪಟ್ಟಿಗೂ ಸೇರಿತು. ‘ಜನಕ್ಕೆ ಅರ್ಥ ಆಗಲ್ಲ’ ಅಂತ ಹೇಳುವವರಿಗೆ ಈ 20 ಲಕ್ಷ ತೋರಿಸಬೇಕು. ಜನಕ್ಕೆ ಅರ್ಥ ಆಯಿತು. ರೇಡಿಯೋ ಹಾಡು ಕೇಳಿ ಅಂಗಡಿಗೆ ಹೋಗಿ ಇಡೀ ಕಥೆಯನ್ನು ಮನೆಗೆ ತಂದರು.

ಕೊನೆಯದಾಗಿ ಪಕ್ಕದ ಮನೆಯ ಅಜ್ಜನ ವಿಷಯ. ಎಂಬತ್ತರ ಹತ್ತಿರ ಇರುವವರು, ಹುಟ್ಟಿ ಬೆಳೆದದ್ದೆಲ್ಲಾ ಟೆಕ್ಸಾಸ್‌ನಲ್ಲೇ. ಆ ಇನ್ನೊಬ್ಬ ಹೆಣ್ಣಿನ ಕೊಲೆಯ ನಂತರ, ಮೊದಲ ಬದಿಯ ಕೊನೆಗೆ, ‘ಜಸ್ಟ್ ಆ್ಯಸ್ ಐ ಆ್ಯಮ್’ ಅಂತ ಒಂದು ಚರ್ಚಿನ ರಾಗ ಬರುತ್ತದೆ, ಬರೀ ಪಿಯಾನೊ, ಬಾಬಿ ನುಡಿಸಿದ್ದು. ನನಗೆ ಅದು ಇಂಪಾದ ರಾಗ ಅಷ್ಟೇ ಆಗಿತ್ತು. ಒಂದು ಸಂಜೆ ಗ್ಯಾರೇಜಿನಲ್ಲಿ ಹಾಕಿದ್ದೆ, ಅಜ್ಜ ಹುಲ್ಲು ಕತ್ತರಿಸುವ ಮಷಿನ್ ವಾಪಸ್ ಕೊಡಲು ಬಂದಿದ್ದರು. ರಾಗ ಶುರುವಾದ ತಕ್ಷಣ ಮಾತು ನಿಲ್ಲಿಸಿದರು. ಇದು ಭಾನುವಾರ ಪ್ರಾರ್ಥನೆ ಮುಗಿಯುವಾಗ ತಪ್ಪು ಮಾಡಿದವರನ್ನು ಮುಂದಕ್ಕೆ ಕರೆಯುವ ಹಾಡು, ಹೇಗಿದ್ದೇನೋ ಹಾಗೇ ಬಂದಿದ್ದೇನೆ ಅಂತ ಅರ್ಥ ಅಂದರು. ಅಂದರೆ ಕೊಂದವನು ಬಾಯಿ ಬಿಟ್ಟು ಕೇಳಲಾರದ್ದನ್ನು ಅಲ್ಲಿ ಪಿಯಾನೊ ಕೇಳುತ್ತಿದೆ. ಮಾತಿಲ್ಲದೆ, ಸಾಕ್ಷಿ ಇಲ್ಲದೆ.

ನಾನು ಮತ್ತೊಮ್ಮೆ ಹಾಕಿದೆ. ರೆಕಾರ್ಡಿನಲ್ಲಿ ಮಾತುಗಳಿಲ್ಲ. ಅಜ್ಜ ಮಷಿನ್‌ನ ಹಿಡಿಯ ಮೇಲೆ ಕೈ ಇಟ್ಟುಕೊಂಡೇ, ಸಣ್ಣ ದನಿಯಲ್ಲಿ, ಮಾತುಗಳನ್ನು ಅವರೇ ಹಾಡಿಕೊಂಡರು.