ಮಾರಿಯೋ ಮಗುವೋ, ಮುದುಕನೋ?

ಕಾರು ಕದ್ದು, ದಾರಿಹೋಕರಿಗೆ ಗುಂಡು ಹೊಡೆಯುವ ಗೇಮ್ ಆಡಿ ವಿಡಿಯೋ ಹಾಕಿದರೆ ಯೂಟ್ಯೂಬರ್‌ಗೆ ಸುಖನಿದ್ದೆ. ಅದೇ ಮೈನ್‌ಕ್ರಾಫ್ಟ್ ಅನ್ನೋ ಬ್ಲಾಕ್ ಜೋಡಿಸುವ ಗೇಮ್‌ನಲ್ಲಿ ಒಂದು ಮನೆ ಕಟ್ಟಿ, ಪಕ್ಕದಲ್ಲಿ ನಾಲ್ಕು ಕುರಿ ಸಾಕಿದನೋ, ವಕೀಲರನ್ನು ಹುಡುಕಬೇಕು. ಅಮೆರಿಕದ ಮಕ್ಕಳ ಆನ್‌ಲೈನ್ ಖಾಸಗಿತನದ ಕಾನೂನು ಕೋಪಾ ತಂದಿಟ್ಟ ಪರಿಸ್ಥಿತಿ ಇದು.

ಕಾನೂನು 1998ರದ್ದು. ಆಗ ಯೂಟ್ಯೂಬ್ ಹುಟ್ಟೇ ಇರಲಿಲ್ಲ. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಕಲೆಹಾಕಬೇಡಿ ಅನ್ನುತ್ತದೆ. ಒಳ್ಳೆಯ ಮಾತೇ, ಬೇಡ ಅಂದವರು ಯಾರು? ತಮಾಷೆ ಶುರುವಾಗಿದ್ದು 2019ರಲ್ಲಿ. ಬಾರ್ಬಿ ಗೊಂಬೆಯ ಮ್ಯಾಟೆಲ್ ಕಂಪನಿಗೆ ಯೂಟ್ಯೂಬ್ ಹೇಳಿತ್ತಂತೆ, 6ರಿಂದ 11 ವರ್ಷದ ಮಕ್ಕಳನ್ನು ತಲುಪೋದರಲ್ಲಿ ನಾವೇ ಮುಂದು ಅಂತ. ಇನ್ನೊಂದು ಜಾಹೀರಾತು ಕಂಪನಿಗೆ ಹೇಳಿದ್ದು, ನಮ್ಮಲ್ಲಿ 13ರ ಒಳಗಿನವರು ಯಾರೂ ಇಲ್ಲ ಅಂತ! ವ್ಯಾಪಾರದ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿತು. ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಕಲೆಹಾಕಿದ್ದಕ್ಕೆ 17 ಕೋಟಿ ಡಾಲರ್ ದಂಡ ಬಿತ್ತು.

ದಂಡ ಕಟ್ಟಿದ ಯೂಟ್ಯೂಬ್ ಏನು ಮಾಡಿತು? ಜಗತ್ತಿನ ಅಪ್‌ಲೋಡರ್‌ಗಳಿಗೆಲ್ಲ ಒಂದು ಪ್ರಶ್ನೆ ಹಾಕಿತು. "ಇದು ಮಕ್ಕಳಿಗಾಗಿ ಮಾಡಿದ್ದಾ?" ಮಾಹಿತಿ ಕಲೆಹಾಕಿದ್ದು ಕಂಪನಿ. ಉತ್ತರ ಕೊಡಬೇಕಾದವನು ಮಂಡ್ಯದ ರೂಮಿನಲ್ಲಿ ಕೂತು ಗೇಮ್ ಆಡುವ ಹುಡುಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ ಅಲ್ವಾ?

ಹೌದು ಅಂದರೆ ಕಾಮೆಂಟ್ ಬಂದ್, ನೋಟಿಫಿಕೇಶನ್ ಗಂಟೆ ಬಂದ್, ನೋಡುಗನ ಜಾಡು ಹಿಡಿದು ಬರುವ ಜಾಹೀರಾತೂ ಬಂದ್. ಅಂದರೆ ದುಡ್ಡಿಗೂ ಕತ್ತರಿ. ಅಲ್ಲ ಅಂದು ಅದು ತಪ್ಪಾದರೆ, ಒಂದೊಂದು ವಿಡಿಯೋಗೆ 42,530 ಡಾಲರ್‌ವರೆಗೂ ದಂಡ ಹಾಕಬಹುದು ಅಂತ ಆಗ ಹೆದರಿಸಿದ್ದರು. ಗೊಂದಲ ಇದ್ದರೆ? ನಾವು ಕಾನೂನು ಸಲಹೆ ಕೊಡಲ್ಲ, ವಕೀಲರನ್ನು ಕೇಳಿ ಅನ್ನುತ್ತದೆ ಯೂಟ್ಯೂಬ್.

ಕಮಿಷನ್ನಿನ ವಿವರಣೆ ಇನ್ನೂ ಸೊಗಸು. ಕಾರ್ಟೂನ್ ಪಾತ್ರ ಇದೆಯಾ, ಸಂಗೀತ ಎಂಥದ್ದು, ಅದನ್ನೆಲ್ಲ ನೋಡಿ ನಿರ್ಧರಿಸಿ. ಹಾಗಂತ ಬಣ್ಣ, ಕಾರ್ಟೂನ್ ಇದ್ದ ಮಾತ್ರಕ್ಕೆ ಅದು ಮಕ್ಕಳದ್ದೇ ಅಂತಲೂ ಅಲ್ಲ. ಸರಿ ಸ್ವಾಮಿ, ಮಾರಿಯೋನ ಕಥೆ ಏನು? 1981ರಿಂದ ಗೇಮ್‌ಗಳಲ್ಲಿ ಜಿಗಿಯುತ್ತಿದ್ದಾನೆ. ದಪ್ಪ ಮೀಸೆ, ನಲ್ಲಿ ರಿಪೇರಿ ಕೆಲಸ. ಆದರೆ ಅಣಬೆ ನುಂಗಿ ಕುಣಿಯುತ್ತಾನೆ. ಇವನನ್ನು ಯಾವ ಕಾಲಮ್ಮಿಗೆ ಹಾಕೋಣ?

ನನ್ನ ಹತ್ತಿರ ಒಂದು ಉಪಾಯ ಇದೆ. ಕುರಿ ಸಾಕುವ ವಿಡಿಯೋದಲ್ಲಿ ಎರಡು ನಿಮಿಷಕ್ಕೊಮ್ಮೆ ಆ ಕುರಿಗೆ ಕೆಟ್ಟದಾಗಿ ಬೈಯಿರಿ. ವಿಡಿಯೋ ದೊಡ್ಡವರದ್ದಾಯ್ತು. ಮಕ್ಕಳು ಹೇಗೂ ನೋಡುತ್ತಾರೆ, ಜಾಹೀರಾತು ಹೇಗೂ ಅವರ ಬೆನ್ನು ಹತ್ತುತ್ತದೆ, ಜೊತೆಗೆ ಹೊಸ ಬೈಗುಳ ಫ್ರೀ.

ನಾವೇನೂ ಹಿಂದೆ ಬಿದ್ದಿಲ್ಲ. ನಮ್ಮ 2023ರ ಡೇಟಾ ಕಾಯ್ದೆಯ ಪ್ರಕಾರ 18 ತುಂಬುವವರೆಗೂ ಮಗುವೇ. ಮೀಸೆ ಬಂದ ಸೆಕೆಂಡ್ ಪಿಯುಸಿ ಮಗುವಿಗೂ ಅಪ್ಪನ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ. ನಾಳೆ ಅಪ್ಪನ ಫೋನಿಗೆ ಒಂದು ಒಟಿಪಿ ಬರುತ್ತದೆ ಅಂದುಕೊಳ್ಳಿ. ಅಪ್ಪ ಒಳಗಿನಿಂದಲೇ ಕೂಗುತ್ತಾನೆ, "ಲೋ, ಏನೋ ನಂಬರ್ ಬಂದಿದೆ, ನೀನೇ ಒತ್ಕೊಳೋ!"