ತಜ್ಞರು ಶನಿವಾರ ಬರುತ್ತಾರಂತೆ, ಲಕ್ವ ಹೊಡೆದದ್ದು ಮಂಗಳವಾರ

ಮೂವತ್ತೊಂದು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಕೈ ಸುಮ್ಮನಿರುವುದಿಲ್ಲವೆಂಬುದು ನಿಮಗೆಲ್ಲ ಗೊತ್ತಿರುವುದರಿಂದ, ಒಂದೇ ಒಂದು ಪದದ ಮೇಲೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಆ ಪದ ‘ಲಭ್ಯ’.

ನಮ್ಮ ಮನೆಯವಳ ಕೈನಡುಕದ ಮಾತ್ರೆ ಮುಗಿದಿತ್ತು. ನಿನ್ನೆ ಬೆಳಗ್ಗೆ ಒಂಬತ್ತಕ್ಕೆ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯ ಔಷಧದ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಬಾಗಿಲ ಪಕ್ಕದಲ್ಲಿ ಆಳೆತ್ತರದ ಫ್ಲೆಕ್ಸ್: ‘ಸುಸಜ್ಜಿತ ನರರೋಗ ವಿಭಾಗ. ಪಾರ್ಶ್ವವಾಯು, ಮೂರ್ಛೆರೋಗ, ಪಾರ್ಕಿನ್ಸನ್. ತಜ್ಞ ವೈದ್ಯರು ಲಭ್ಯರಿರುತ್ತಾರೆ.’ ಅದರೆದುರಿಗೇ ಒಂದು ಆಟೋ ಬಂದು ನಿಂತಿತು. ಇಳಿದ ಗಂಡಸಿಗೆ ಐವತ್ತೈದು ದಾಟಿರಲಾರದು. ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು, ಬಲಗಾಲಿನ ಚಪ್ಪಲಿ ಆಟೋದಲ್ಲೇ ಉಳಿದದ್ದು ಅವರ ಅರಿವಿಗೆ ಬಂದಿರಲಿಲ್ಲ. ಹೆಂಡತಿ ಮಾತ್ರ ‘ಏಳೂವರೆಗೆ ಕಾಫಿ ಲೋಟ ಕೈಯಿಂದ ಬಿತ್ತು, ಏಳೂವರೆಗೆ’ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಇಂಥ ರೋಗಿ ಬಂದಾಗ ವೈದ್ಯರು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆಯ ಉತ್ತರವನ್ನು ಆ ತಾಯಿ ಯಾರೂ ಕೇಳದೆಯೇ ಹೊತ್ತು ತಂದಿದ್ದರು.

ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿ, ‘ನ್ಯೂರೋ ಡಾಕ್ಟ್ರು ಶನಿವಾರ ಬರ್ತಾರಮ್ಮ, ಟೋಕನ್ ಬರ್ಕೊಳ್ಲಾ?’ ಎಂದಳು.

ಟೋಕನ್ ಅಂತೆ! ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬುದು ವೈದ್ಯರೇ ಹೇಳುವ ಲೆಕ್ಕ. ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ ಒಳಗೆ ರಕ್ತಸ್ರಾವವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ರಕ್ತ ಸೋರುತ್ತಿರುವ ಮೆದುಳಿಗೆ ಅದೇ ಔಷಧ ಪ್ರಾಣಾಂತಕವಾಗಬಹುದು. ಏಳೂವರೆಗೆ ನಾಲ್ಕೂವರೆ ಕೂಡಿಸಿದರೆ ಮಧ್ಯಾಹ್ನ ಹನ್ನೆರಡು. ಸಿಟಿ ಯಂತ್ರ ಅದೇ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಆದರೆ ಡ್ಯೂಟಿ ಡಾಕ್ಟರು ಬಂದು, ಬಿಪಿ ನೋಡಿ, ಸಕ್ಕರೆ ನೋಡಿ, ಬೆಂಗಳೂರಿಗೆ ಚೀಟಿ ಬರೆದುಕೊಟ್ಟಾಗ ಹತ್ತು ಗಂಟೆ. ಇಲ್ಲಿಂದ ಬೆಂಗಳೂರಿಗೆ ಐದು ಗಂಟೆಯ ದಾರಿ, ಅದೂ ನೆಲಮಂಗಲದಲ್ಲಿ ವಾಹನಗಳು ದಾರಿ ಬಿಟ್ಟರೆ. ಇದಕ್ಕೆ ಗಣಿತದ ಮೇಷ್ಟ್ರು ಬೇಕಾಗಿಲ್ಲ, ಕನ್ನಡದ ಮೇಷ್ಟ್ರಿಗೂ ಉತ್ತರ ಬರುತ್ತದೆ.

ದೊಡ್ಡ ರಕ್ತನಾಳ ಕಟ್ಟಿದ್ದರೆ, ತೊಡೆಯ ಸಂದಿಯಿಂದ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆಯುಂಟು. ಆಯ್ದ ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡುತ್ತಾರೆ. ಆದರೆ ಆ ಆಯ್ದ ಕೆಲವರಲ್ಲಿ ತನ್ನ ಗಂಡ ಇದ್ದಾನೋ ಇಲ್ಲವೋ ಎಂಬುದನ್ನು ಆ ಹೆಂಗಸು ಯಾವ ಫ್ಲೆಕ್ಸಿನಲ್ಲಿ ಓದಬೇಕು?

‘ಮೇಷ್ಟ್ರೇ, ಊರೂರಿಗೆ ನರರೋಗ ತಜ್ಞರನ್ನು ಎಲ್ಲಿಂದ ತರುವುದು?’ ಎಂದು ಕೆಳಗೆ ಬರೆಯಲು ಕೆಲವರು ಆಗಲೇ ಬೆರಳು ಚಾಚಿರುತ್ತೀರಿ. ತಜ್ಞರು ಕಡಿಮೆ, ಒಪ್ಪಿದೆ. ಶನಿವಾರ ಬರುವ ವೈದ್ಯರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ; ನಮ್ಮವಳು ಇವತ್ತು ತಾನೇ ಸಾರು ಬಡಿಸುವಂತಾಗಿದ್ದರೆ ಅದು ಅವರು ಮಾತ್ರೆಯ ಹೊತ್ತನ್ನು ಹಿಂದುಮುಂದು ಮಾಡಿ ಕೊಟ್ಟದ್ದರಿಂದ. ಕೈನಡುಕ ಶನಿವಾರದವರೆಗೆ ಕಾಯುತ್ತದೆ, ಲಕ್ವ ಕಾಯುವುದಿಲ್ಲ, ನನ್ನ ತಕರಾರು ಇಷ್ಟೇ. ಹಿಮಾಚಲ ಪ್ರದೇಶದ ಗುಡ್ಡಗಾಡಿನ ಆಸ್ಪತ್ರೆಗಳಲ್ಲಿ ತಜ್ಞರಿಲ್ಲದಿದ್ದರೂ, ಸ್ಕ್ಯಾನಿನ ಚಿತ್ರವನ್ನು ದೂರದ ತಜ್ಞರಿಗೆ ಫೋನಿನಲ್ಲಿ ಕಳಿಸಿ, ಅವರು ಹೇಳಿದಂತೆ ಅಲ್ಲಿನ ವೈದ್ಯರೇ ಈ ಇಂಜೆಕ್ಷನ್ ಕೊಟ್ಟಿದ್ದಾರೆ. ನಮ್ಮ ಸರ್ಕಾರವೂ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರುಮಾಡಿ, ಸಾಮಾನ್ಯ ವೈದ್ಯರಿಗೆ ತರಬೇತಿ ಕೊಡಲು ಹೊರಟಿತು. ಇವ್ಯಾವೂ ಬೇಡವೆಂದಾದರೆ ಬೋರ್ಡಿನಲ್ಲಿ ‘ಇಲ್ಲಿ ಲಕ್ವಕ್ಕೆ ತುರ್ತು ಚಿಕಿತ್ಸೆ ಇಲ್ಲ’ ಎಂದಾದರೂ ಬರೆಯಿರಿ. ಅದನ್ನು ಓದಿದ್ದರೆ ಆ ಆಟೋ ಇಲ್ಲಿ ಒಂದು ಗಂಟೆ ಕಳೆಯುತ್ತಿರಲಿಲ್ಲ.

ಅವರು ಹೊರಟ ಮೇಲೆ ಫ್ಲೆಕ್ಸಿನ ಹತ್ತಿರ ಹೋಗಿ ನೋಡಿದೆ. ಕ್ರೋಟನ್ ಕುಂಡದ ಎಲೆ ಸರಿಸಿದರೆ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ‘2ನೇ ಮತ್ತು 4ನೇ ಶನಿವಾರ, 10ರಿಂದ 1’ ಎಂದಿತ್ತು.

ಈಗ ಹೇಳಲೇಬೇಕಾದ ಮಾತು. ಆ ಆಸ್ಪತ್ರೆಯ ಮ್ಯಾನೇಜರ್ ನನ್ನ ಶಿಷ್ಯ. ಎರಡು ವರ್ಷದ ಹಿಂದೆ ಇದೇ ಫ್ಲೆಕ್ಸಿನ ಕರಡು ಹಿಡಿದುಕೊಂಡು ಮನೆಗೆ ಬಂದಿದ್ದ. ‘ಲಭ್ಯವಿರುತ್ತಾರೆ’ ಎಂದಿದ್ದುದನ್ನು ‘ಲಭ್ಯರಿರುತ್ತಾರೆ’ ಎಂದು ತಿದ್ದಿ, ಗುರುವಿನ ಗತ್ತಿನಲ್ಲಿ ಬೀಗಿದವನು ನಾನು. ಶನಿವಾರದ ಸಾಲು ಆಗ ದಪ್ಪಕ್ಷರದಲ್ಲಿ ನಡುಮಧ್ಯೆ ಇತ್ತು. ಅದನ್ನು ಸಣ್ಣದು ಮಾಡಿ ಕೆಳಗೆ ಹಾಕಪ್ಪಾ, ಚೆಂದ ಕಾಣುತ್ತದೆ ಎಂದವನೂ ನಾನೇ.

ರಾತ್ರಿ ಫೋನ್ ಮಾಡಿ ಅವನನ್ನು ಚೆನ್ನಾಗಿ ಬೈದೆ. ಎಲ್ಲ ಕೇಳಿಸಿಕೊಂಡು, ‘ಸಾರ್, ಕರಡು ಇನ್ನೂ ನನ್ನ ಹತ್ರ ಇದೆ. ನಿಮ್ಮ ಕೆಂಪಿಂಕಿನದು’ ಎಂದ.