ಖಾಲಿ ಬಾಟಲಿ ಭಾರವೇ?

ಪುಣೆಯ ನಮ್ಮ ಕನ್ನಡದವರ ಮನೆಗೆ ನೆಂಟರು ಬಂದರೆ ನಿಘೋಜ ಎಂಬ ಊರಿಗೆ ಕರೆದುಕೊಂಡು ಹೋಗುತ್ತೇವೆ. ಗುಡ್ಡ ಹತ್ತುವ ಕಷ್ಟವಿಲ್ಲ, ಸುಮ್ನೆ ನಡೆದರಾಯಿತು. ಕುಕಡಿ ನದಿ ಅಲ್ಲಿ ಕಪ್ಪು ಬಸಾಲ್ಟ್ ಬಂಡೆ ಸೀಳಿಕೊಂಡು ಹರಿಯುತ್ತದೆ. ಸುಳಿಗೆ ಸಿಕ್ಕ ಕಲ್ಲುಗಳು ಗಿರಗಿರ ತಿರುಗಿ, ಸಾವಿರಾರು ವರ್ಷ ಬಂಡೆ ಕೊರೆದು, ಹಂಡೆಯಂಥ ಗುಂಡಿ ಮಾಡಿವೆ. ಎಂಥ ಚಂದ! ಬಗ್ಗಿ ನೋಡಿದರೆ ಒಳಗೇನಿದೆ? ನುಣುಪಾದ ಕಲ್ಲಿನ ಪಕ್ಕ ಗುಟ್ಕಾ ಚೀಟಿ, ಚಿಪ್ಸ್ ಪ್ಯಾಕೆಟ್, ತೇಲುವ ನೀರಿನ ಬಾಟಲಿ. ಇಳಿದು ತೆಗೆಯೋಣವೆಂದರೆ ಕಾಲು ಜಾರುತ್ತದೆ. ತುಂಬಿದ ಬಾಟಲಿ ಹೊತ್ತು ತಂದವರಿಗೆ ಖಾಲಿಯದು ಭಾರವಾಯಿತೇ? ಸ್ಪೀಕರ್ ಗಲಾಟೆ ಬೇರೆ, ನೀರಿನ ಸದ್ದೇ ಕೇಳಿಸುವುದಿಲ್ಲ. ಹೊಟ್ಟೆ ಉರಿಯುತ್ತದೆ. ಕುಕಡಿ ಸೇರುವುದು ಘೋಡ್ ನದಿಗೆ, ಘೋಡ್ ಭೀಮೆಗೆ. ಭೀಮೆ ಹರಿದು ಬರುವುದು ನಮ್ಮ ವಿಜಯಪುರ, ಕಲಬುರಗಿ ಕಡೆಗೇ ಅಲ್ವಾ?